ಹದಿನಾರು ಅಂಗುಲ ಕಡಿಮೆ

ಒಂದು ಕಾಡಿನಲ್ಲಿ, ಎರಡು ಗಜ ಅಗಲದ ಹಳ್ಳದ ಪಕ್ಕ, ಮೊಲವೊಂದು ತನ್ನ ಮೂರು ಮರಿಗಳೊಂದಿಗೆ ವಾಸವಾಗಿತ್ತು. ಹಳ್ಳ ಉಕ್ಕಿದರೆ ಅದರ ಬಿಲಕ್ಕೇ ಮೊದಲು ನೀರು. ಒಂದು ದಿನ ಬೆಟ್ಟದ ಮೇಲೆ ಮೋಡ ಕಪ್ಪಾದದ್ದನ್ನು ಕಂಡು ಮೊಲ ಹಳ್ಳದಾಚೆ ನೋಡಿತು. ಆಚೆ ದಡ ಎತ್ತರವಾಗಿತ್ತು. ಮರಿಗಳನ್ನು ಅಲ್ಲಿಗೆ ದಾಟಿಸಲು ಸೇತುವೆ ಬೇಕಿತ್ತು.

ಆನೆ ತಲಾ ಹತ್ತು ಅಡಿಯ ನಾಲ್ಕು ಬಿದಿರು ತಂದುಕೊಟ್ಟಿತು. ಕತ್ತರಿಸುವ ಕೆಲಸ ನರಿ ಮೇಸ್ತ್ರಿಯದು. ಕತ್ತರಿಸಿ ಉಳಿದ ತುಂಡೆಲ್ಲ ಮೇಸ್ತ್ರಿಗೇ ಸೇರಬೇಕು ಎಂಬುದು ಆ ಕಾಡಿನ ಪದ್ಧತಿ.

“ಮೇಸ್ತ್ರಿಯಣ್ಣ, ಎಷ್ಟುದ್ದ ಬೇಕಾಗುತ್ತೆ?” ಎಂದು ಮೊಲ ಕೇಳಿತು.

“ಎರಡು ಗಜ ಅಂದ್ರೆ ಆರು ಅಡಿ. ಎರಡೂ ದಡದ ಮೇಲೆ ಕೂರೋಕೆ ಒಂದೊಂದು ಅಡಿ. ಒಟ್ಟು ಎಂಟು ಅಡಿ. ಅಂಗುಲದಲ್ಲಿ ಎಂಬತ್ತು!” ಎಂದಿತು ನರಿ.

ಲೆಕ್ಕ ಬಾರದ ಮೊಲ ಕೈಮುಗಿಯಿತು. ಹೆಜ್ಜೆಗೊಂದು ಅಂಗುಲ ನಡೆಯುವ ಹಸಿರು ಹುಳು ಬಿದಿರಿನ ಮೇಲೆ ಎಂಬತ್ತು ಹೆಜ್ಜೆ ಇಟ್ಟಿತು. ನರಿ ಅಲ್ಲಿಗೇ ಕತ್ತರಿಸಿತು. ಉಳಿದ ತುಂಡುಗಳನ್ನು ಹೊರೆ ಕಟ್ಟಿ ಬೆನ್ನಿಗೇರಿಸಿಕೊಂಡು, ‘ನನಗೊಂದು ಮಂಚವಾಯಿತು’ ಎಂದು ಒಳಗೊಳಗೇ ನಕ್ಕಿತು.

ಸೇತುವೆ ಹಾಕಿದ್ದಾಯಿತು. ಹಿರಿಯ ಮರಿ ಕುಪ್ಪಳಿಸುತ್ತಾ ಅದರ ಮೇಲೆ ಕಾಲಿಟ್ಟಿತು. ಆಗ ಹುಳು, “ಮೊಲಕ್ಕಾ, ನಮ್ಮಜ್ಜಿ ಒಂದಡಿಗೆ ಹನ್ನೆರಡು ಹೆಜ್ಜೆ ಇಡ್ತಿದ್ದಳು. ಎಂಟಡಿಗೆ ತೊಂಬತ್ತಾರು ಆಗಬೇಕಲ್ಲ? ಮೇಸ್ತ್ರಿ ಎಂಬತ್ತೇ ಸಾಕು ಅಂದರು,” ಎಂದಿತು.

ಮೊಲಕ್ಕೆ ಸಿಡಿಲು ಬಡಿದಂತಾಯಿತು. ಹದಿನಾರು ಅಂಗುಲ ಕಡಿಮೆ! ಓಡಿಹೋಗಿ ನೋಡಿತು. ಒಂದಡಿ ಕೂರಬೇಕಾದ ಬಿದಿರು ಮೆತ್ತನೆಯ ಮಣ್ಣಿನ ಅಂಚಿನಲ್ಲಿ ನಾಲ್ಕೇ ಅಂಗುಲ ಕೂತಿತ್ತು. ಅಯ್ಯಯ್ಯೋ! ಮೊಲ ಮರಿಯ ಕಿವಿ ಕಚ್ಚಿ ಹಿಂದಕ್ಕೆಳೆಯಿತು.

“ಅಯ್ಯೋ ಪಾಪಿ, ನನ್ನ ಮಕ್ಕಳ ಪ್ರಾಣದಲ್ಲೂ ತುಂಡು ಉಳಿಸಿಕೊಂಡೆಯಾ?” ಎಂದು ನರಿಯತ್ತ ಕೂಗಿತು.

“ಹುಳದ ಮಾತು ಕಟ್ಟಿಕೊಂಡು ಕುಣೀತೀಯಲ್ಲ! ಎರಡೂ ದಡ ಮುಟ್ಟಿದೆ, ಕಣ್ಣು ಕಾಣಲ್ವಾ? ನೋಡೀಗ!” ಎಂದು ನರಿ ಹೊರೆಯ ಸಮೇತ ಸೇತುವೆಯ ಮೇಲೆ ಹಾರಿತು. ಮಣ್ಣಿನ ಅಂಚು ಕುಸಿಯಿತು. ದಢಾರ್! ಬಿದಿರು, ಹೊರೆ, ಮೇಸ್ತ್ರಿ ಎಲ್ಲವೂ ಹಳ್ಳದ ಪಾಲು!

ಆನೆ ನರಿಯ ಬಾಲ ಹಿಡಿದು ಮೇಲೆತ್ತಿತು. ಹೊಸ ಬಿದಿರನ್ನೂ ತಂದಿತು. ಈ ಸಲ ಹುಳು ಗಟ್ಟಿಯಾಗಿ ಎಣಿಸುತ್ತಾ ತೊಂಬತ್ತಾರು ಹೆಜ್ಜೆ ನಡೆಯಿತು. ಮೊಲವೂ ಜೊತೆಗೂಡಿ ಎಣಿಸಿತು. ಸೇತುವೆ ಎದ್ದಿತು, ಮೂರು ಮರಿಗಳೂ ದಾಟಿದವು. ಬೆನ್ನಿಗೇ ಮಳೆ ಸುರಿದು ಹಳ್ಳ ಏರತೊಡಗಿತು. ನರಿ ಮಾತ್ರ ಸೇತುವೆಗೆ ಕಾಲಿಡಲು ಹೆದರಿ ಈಚೆ ದಡದಲ್ಲೇ ತೊಯ್ದು ನಿಂತಿತ್ತು.

ಮೊಲ ಆಚೆಯಿಂದ ಕೂಗಿತು: “ಬಾ ಮೇಸ್ತ್ರಿಯಣ್ಣ, ಹೆದರಬೇಡ. ಇದನ್ನು ಅಳೆಸಿದ್ದು ನೀನಲ್ಲ.”

ನೀತಿ: ಅಳತೆಯಲ್ಲಿ ಮಾಡಿದ ಮೋಸ ಮಾಡಿದವನಿಗೇ ಮುಳುವಾಗುತ್ತದೆ, ಲೆಕ್ಕ ಬಾರದವರು ಕೈಮುಗಿಯುವ ಮೊದಲು ಕೇಳಿ ತಿಳಿಯಬೇಕು.