ವಾರಿಜಳ ದನಿ

ಶಿಷ್ಯ ಕೇಳಿದ: "ಗುರುಗಳೇ, ನೂರು ಪುಸ್ತಕಗಳ ಸಾರವನ್ನು ಯಂತ್ರವೇ ನನ್ನ ಕಿವಿಗೆ ಹೇಳುತ್ತದೆ. ಅರ್ಥಶಾಸ್ತ್ರವೋ ತತ್ವಶಾಸ್ತ್ರವೋ, ನಡೆಯುತ್ತಲೇ ಕೇಳಿ ಮುಗಿಸುತ್ತೇನೆ. ಇನ್ನು ಕೂತು ಓದುವ ಕಷ್ಟ ಯಾಕೆ?"

ಭಲೇ ಜಾಣ, ನಡಿಗೆಯೂ ಆಯಿತು, ಜ್ಞಾನವೂ ಆಯಿತು ಎಂದು ಗುರುಗಳು ನಕ್ಕರು. ಹಾಗಾದರೆ ಇದನ್ನೂ ಕೇಳು ಎಂದು ಕತೆ ತೆಗೆದರು.

ಒಂದು ಊರಿನ ಬೀಡಿ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಹೆಂಗಸರೆಲ್ಲ ಬೀಡಿ ಕಟ್ಟುವಾಗ ಒಬ್ಬಳು ಕೆಲಸ ಬಿಟ್ಟು ಪೇಪರನ್ನೋ ಪುಸ್ತಕವನ್ನೋ ಗಟ್ಟಿಯಾಗಿ ಓದಬೇಕು. ಸಂಜೆ ಉಳಿದವರು ತಾವು ಕಟ್ಟಿದ್ದರಲ್ಲಿ ಒಂದೊಂದು ಹಿಡಿಯನ್ನು ಅವಳ ಮೊರಕ್ಕೆ ಹಾಕಬೇಕು. ಓದುವವಳು ವಾರಿಜ. ಅವಳಿಗೆ ಒಂದು ಪುಟವನ್ನಾದರೂ ನೆಟ್ಟಗೆ ಓದಲು ಬಿಟ್ಟವರಿಲ್ಲ. ಪಕ್ಕದ ಬೀಫಾತಿಮಾ ಅಂತೂ ಸಾಲು ಸಾಲಿಗೂ ನಿಲ್ಲಿಸು ಅನ್ನುವವಳು. ಎಲೆಯ ಬೆಲೆ ಏರಿದರೆ ನಮ್ಮ ಕೂಲಿ ಯಾಕೆ ಇಳಿಯಬೇಕು, ಇದನ್ನು ಬರೆದವನು ಯಾವತ್ತಾದರೂ ಹಸಿದಿದ್ದನೇ ಎಂದು ಜಗಳಕ್ಕೇ ನಿಲ್ಲುತ್ತಿದ್ದಳು. ವಾರಿಜಳಿಗೆ ತಲೆ ಚಿಟ್ಟು ಹಿಡಿಯುತ್ತಿತ್ತು.

ಮಾಲೀಕ ಓದುವ ಯಂತ್ರವೊಂದನ್ನು ತಂದಿಟ್ಟ. ವಾರಿಜಳ ದನಿಯನ್ನೇ ಅದಕ್ಕೆ ತುಂಬಿಸಿದ. ಅದು ಯಾರಿಗೂ ಕಾಯುವುದಿಲ್ಲ, ಯಾರ ಪಾಲನ್ನೂ ಕೇಳುವುದಿಲ್ಲ. ಎಲ್ಲರಿಗೂ ಖುಷಿಯಾಯಿತು. ವಾರಿಜಳೂ ಸದ್ಯ ಪೀಡೆ ಕಳೆಯಿತು ಎಂದುಕೊಂಡು ಬೀಡಿ ಕಟ್ಟಲು ಕೂತಳು. ಮೊದಮೊದಲು ಬೀಫಾತಿಮಾ ತಡೆದು ನೋಡಿದಳು. ಯಂತ್ರ ತನ್ನ ಪಾಡಿಗೆ ಮುಂದೆ ಹೋಯಿತು. ಆಮೇಲೆ ಅವಳೂ ಉಳಿದವರಂತೆ ತಲೆಯಾಡಿಸತೊಡಗಿದಳು.

ಒಂದು ಮಧ್ಯಾಹ್ನ ಯಂತ್ರ ಪೇಪರು ಓದುತ್ತಿತ್ತು. ನಾಳೆ ಮೋಡವಿರುತ್ತದೆ ಎಂದಿತು. ಮುಂದಿನ ತಿಂಗಳಿಂದ ಈ ಶೆಡ್ಡಿನಲ್ಲಿ ಯಂತ್ರಗಳೇ ಬೀಡಿ ಕಟ್ಟುತ್ತವೆ, ಹೆಂಗಸರಿಗೆ ಕೆಲಸವಿಲ್ಲ ಎಂಬುದನ್ನೂ ಅದೇ ಇಂಪಾದ ದನಿಯಲ್ಲಿ ಓದಿತು. ವಾರಿಜ ಕಟ್ಟುತ್ತಿದ್ದ ಬೀಡಿಯನ್ನು ಕೆಳಗಿಟ್ಟಳು. ಸುತ್ತ ನೋಡಿದರೆ ಎಲ್ಲರೂ ಮುಗುಳ್ನಗುತ್ತ ತಲೆಯಾಡಿಸುತ್ತಿದ್ದರು. ಅವಳು ಎದ್ದು ಯಂತ್ರದ ವಯರನ್ನು ಕಿತ್ತಳು. ಓದು ನಿಂತಿತು. ತಲೆಗಳು ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ, ಏನೋ ತಮಾಷೆ ಕೇಳಿದವರ ಹಾಗೆ, ಎಲ್ಲರೂ ಒಟ್ಟಿಗೆ ನಕ್ಕರು ಕೂಡ.

ವಾರಿಜ ಪೇಪರು ಹಿಡಿದು ಆ ಸುದ್ದಿಯನ್ನು ಗಂಟಲು ಹರಿಯುವಂತೆ ಓದಿದಳು. ಬೀಫಾತಿಮಾಳ ಭುಜ ಹಿಡಿದು ಅಲುಗಿಸಿದಳು. ನಮ್ಮ ಅನ್ನ ಹೋಗುತ್ತಿದೆ ಮಾರಾಯ್ತಿ, ಒಮ್ಮೆ ನಿಲ್ಲಿಸು ಅನ್ನು ಎಂದು ಅಂಗಲಾಚಿದಳು.

ಬೀಫಾತಿಮಾ ತುಟಿಯ ಮೇಲೆ ಬೆರಳಿಟ್ಟು, ನಿಂತುಹೋದ ಯಂತ್ರವನ್ನು ಕಣ್ಣಲ್ಲೇ ತೋರಿಸಿ ಮೆಲ್ಲಗೆ ಹೇಳಿದಳು: "ಗಲಾಟೆ ಮಾಡಬೇಡ ವಾರಿಜ. ನೀನು ಓದುತ್ತಿರುವುದು ಕೇಳಿಸುತ್ತಿಲ್ಲ."

ಗುರುಗಳು ಅಲ್ಲಿಗೆ ಬಾಯಿ ಮುಚ್ಚಿದರು. ಅಂಗಳದ ಬಿಸಿಲು ಗೋಡೆಗೆ ಹತ್ತಿತು. ಆಮೇಲೆ ಶಿಷ್ಯನ ಮುಖ ನೋಡಿದರು.

"ನಾನು ನಿಲ್ಲಿಸಿ ಆಗಲೇ ಎಷ್ಟೋ ಹೊತ್ತಾಯಿತು ಮಗು, ನೀನಿನ್ನೂ ತಲೆಯಾಡಿಸುತ್ತಿದ್ದೀಯಲ್ಲ."