ನಾಯಿ ಸರ್ಕಲ್ಲಿನ ಸಿಂಹ

ಹಳೇಪೇಟೆಯ ಚೌಕದ ನಡುವೆ ಅರಸರ ಕಾಲದ ಕಲ್ಲಿನ ಸಿಂಹವೊಂದು ಕೂತಿತ್ತು. ಕೆತ್ತಿದ ಶಿಲ್ಪಿ ಸಿಂಹವನ್ನು ಕಂಡವನೇ ಅಲ್ಲ. ಹಾಗಾಗಿ ಜನರ ಬಾಯಲ್ಲಿ ಚೌಕ ‘ನಾಯಿ ಸರ್ಕಲ್’ ಆಯಿತು. ಬಸ್ಸಿನವರು ಆ ಹೆಸರು ಕೂಗಿದಾಗಲೆಲ್ಲ ಸಿಂಹ, ಕಾಲಬುಡದಲ್ಲಿ ಮಲಗಿದ್ದ ಬೀದಿನಾಯಿಗೆ, “ನಿನ್ನನ್ನೇ ಕರೀತಿದ್ದಾರೆ, ಹೋಗು” ಎನ್ನುತ್ತಿತ್ತು.

ಒಂದು ದಿನ ರಸ್ತೆ ಅಗಲ ಮಾಡುವವರು ಬಂದು, “ಈ ಚೌಕದ ಸಿಂಹವನ್ನು ಕೀಳುತ್ತೇವೆ” ಎಂದರು. ಇಲ್ಲಿ ಸಿಂಹ ಎಲ್ಲಿದೆಯೆಂದು ಯಾರಿಗೂ ತಿಳಿಯದೆ ಜನ ಸುಮ್ಮನಿದ್ದರು. ಹಾರೆ ಬುಡಕ್ಕೆ ತಾಗಿದ್ದೇ ತಡ, ಹೂ ಮಾರುವ ಗೌರಕ್ಕ ಅಡ್ಡ ನಿಂತಳು: “ನಮ್ಮ ನಾಯಿಯನ್ನು ಮುಟ್ಟಿದರೆ ನೋಡಿ.” ಚೌಕಕ್ಕೆ ಚೌಕವೇ ಅವಳ ಹಿಂದೆ ನಿಂತಿತು; ಬಂದವರು ಬಂದ ದಾರಿ ಹಿಡಿದರು.

“ಯಾವ ನಾಯಿಯನ್ನು ಉಳಿಸಿದರು, ಒಡೆಯಾ?” ಎಂದಿತು ಬೀದಿನಾಯಿ.

“ನನ್ನನ್ನೇ ಕಣೋ” ಎಂದು ಸಿಂಹ ತನ್ನ ಕಲ್ಲಿನ ಬಾಲ ಅಲ್ಲಾಡಿಸಲು ನೋಡಿತು.