ಬೋರಲಿಂಗ ಅವ್ವನಿಗೆ ಲಾರಿ ತಂದದ್ದು

ಪೆದ್ದ ಅಂದ್ರೆ ಎಲ್ಲರಿಗೂ ನಗು ಬರ್ತದೆ. ಬರಲಿ. ಹೆತ್ತೋಳಿಗೆ ಬರಲ್ಲ, ಅದೊಂದು ನೆನಪಿಟ್ಕೊಂಡು ಕೇಳಿ. ನಡುವೆ ಎದ್ದು ಹೋಗೋರು ಈಗಲೇ ಹೋಗಿ, ನನಗೇನು.

ಪುಟ್ಟಲಿಂಗಮ್ಮ ಅಂತ ಒಬ್ಬಳು. ಗಂಡ ತೀರಿಹೋಗಿದ್ದ. ಮಗಳು ಚಿಕ್ಕತಾಯೀನ ಗುಡ್ಡದಾಚೆ ಅಂಕನದೊಡ್ಡಿಗೆ ಕೊಟ್ಟಿದ್ದಳು. ಮಗ ಬೋರಲಿಂಗ ಮನೇಲೇ. ಟ್ರ್ಯಾಕ್ಟರ್ ಓಡಿಸೋನು, ಲಾರಿ ಓಡಿಸೋನು, ಲೈಸೆನ್ಸೂ ಇತ್ತು. ಕೈಕಾಲು ಚುರುಕು, ತಲೆ ಮಾತ್ರ ಖಾಲಿ. ಹೇಳಿದ್ದನ್ನ ಹೇಳಿದ ಹಂಗೇ ಮಾಡೋನು. "ನಿನ್ನ ಬಿಟ್ಟು ನಾನು ಹೆಂಗೋ ಸಾಯ್ಲಿ" ಅಂತ ಅವ್ವ ದಿನಾ ಗೋಳಾಡೋಳು.

ಸಾಯೋ ಕಾಲವೂ ಬಂತು. ಸೊಂಟ ಮುರ್ಕೊಂಡು ಮಂಚ ಹಿಡಿದಳು. ಆಮೇಲೆ ಹೊಟ್ಟೇಲಿ ಗಡ್ಡೆ ಅಂದ್ರು. ಡಾಕ್ಟ್ರು "ಮನೆಗೆ ಕರ್ಕೊಂಡು ಹೋಗ್ರಪ್ಪ" ಅಂದುಬಿಟ್ರು. ಅದೇ ಹೊತ್ತಿಗೆ ಚಿಕ್ಕತಾಯಿಗೆ ಹೆಣ್ಣುಕೂಸು ಹುಟ್ಟಿತು. ಹಸೀ ಬಾಣಂತಿ, ಗುಡ್ಡ ಹತ್ತಿಳಿದು ಬರೋ ಹಂಗಿಲ್ಲ.

"ಕಣ್ಣು ಮುಚ್ಚೋದ್ರೊಳಗೆ ಮಗಳ ಮುಖ, ಕೂಸಿನ ಮುಖ ಒಂದ್ಸಲ ನೋಡ್ಬೇಕು ಕಣೋ" ಅಂದಳು ಅವ್ವ.

ಕಾರಲ್ಲಿ ಕೂರೋಕಾಗಲ್ಲ, ಮಂಚದ ಸಮೇತ ಹೋಗ್ಬೇಕು. ಬಾಡಿಗೆ ಲಾರಿಯೋರು ಬಂದು ಆಕೆ ಮುಖ ನೋಡಿದ್ರು. "ದಾರೀಲಿ ಹೆಚ್ಚುಕಮ್ಮಿ ಆದ್ರೆ ನಮ್ಮ ತಲೆಗೆ ಬರ್ತದೆ" ಅಂತ ಹೊರಟೇಹೋದ್ರು. ಕೊನೆಗೆ ಎತ್ತಿನ ಜೋಡಿ ಮಾರಿಸಿ ಅವ್ವ ಅಂದಳು, "ಹಳೇ ಲಾರಿ ಒಂದು ತಗೊಳ್ಳೋಣ. ಭಾರೀದು ಬೇಡ, ಗುಡ್ಡದ ತಿರುವಲ್ಲಿ ತಿರುಗಲ್ಲ. ಸಣ್ಣ ಟೆಂಪೋನೂ ಬೇಡ, ಎತ್ತೆತ್ತಿ ಹಾಕ್ತದೆ. ನಡುವಿಂದು ಒಂದು ನೋಡ್ಕೊಂಡು ಬಾ."

ಹೋದ. ಪೇಟೇಲಿ ಹಳೇ ಗಾಡಿ ಮಾರೋ ಬ್ರೋಕರ್ ಹತ್ರ ಒಂದು ಲಾರಿ ಇತ್ತು. ಅದರ ಮುಂದೆ ಕೂತು ಸಂಜೆ ತನಕ ನೋಡಿದ. ಬಂದ.

"ನೋಡಿದ್ಯೇನೋ?"

"ನೋಡಿದೆ ಕಣವ್ವ."

"ಹೆಂಗಿದೆ?"

"ನಿಂತದೆ."

"ಅಯ್ಯೋ ನನ್ನ ಕರ್ಮವೇ. ನೋಡೋದು ಅಂದ್ರೆ ಸುಮ್ನೆ ಕೂತ್ಕೊಂಡು ನೋಡೋದೇನೋ? ತುಕ್ಕು ಹಿಡಿದಿರ್ತದೆ, ಮೇಲೆ ಬಣ್ಣ ಬಳಿದಿರ್ತಾರೆ. ಸ್ಕ್ರೂಡ್ರೈವರ್ ತಗೊಂಡು ಚುಚ್ಚಿ ಚುಚ್ಚಿ ನೋಡ್ಬೇಕು."

ಸರಿ ಅಂತ ಸ್ಕ್ರೂಡ್ರೈವರ್ ತಗೊಂಡು ಹೋದ. ಬಾಗಿಲು ಚುಚ್ಚಿದ, ಗಟ್ಟಿ ಇತ್ತು. ಗಾಡಿ ಕೆಳಗೆ ನುಗ್ಗಿ ಚುಚ್ಚಿದ, ಗಟ್ಟಿ ಇತ್ತು. ಸೀಟು ಚುಚ್ಚಿದ, ಹರೀತು. ರೇಡಿಯೇಟರ್ ಚುಚ್ಚಿದ, ನೀರೆಲ್ಲಾ ಸೋರಿಹೋಯ್ತು. ಬ್ರೋಕರ್ ಬಂದು ಕಪಾಳಕ್ಕೆ ಬಿಟ್ಟ. ಕೆನ್ನೆ ಊದಿಸ್ಕೊಂಡು ಬಂದ.

"ಅಯ್ಯೋ ನನ್ನ ಕರ್ಮವೇ. ಇನ್ಮೇಲೆ ಯಾವ ಗಾಡೀನೂ ಮುಟ್ಬೇಡ. ಬಾಯಲ್ಲಿ ವಿಚಾರಿಸು. ಯಾರು ಓಡಿಸ್ತಿದ್ರು, ಯಾಕೆ ಮಾರ್ತಿದ್ದೀರಿ ಅಂತ ಕೇಳು. ಉತ್ತರ ಸಿಗೋ ತನಕ ಬಿಡಬೇಡ."

ಅಷ್ಟೊತ್ತಿಗೆ ಅವ್ವನಿಗೆ ಗಂಜಿ ಸೇರ್ತಿರಲಿಲ್ಲ. ಬರೀ ನೀರು.

ಇನ್ನೊಂದು ಲಾರಿ ಪಕ್ಕದೂರಲ್ಲಿ ಒಬ್ಬ ಹೆಣ್ಣುಮಗಳ ಮನೇಲಿತ್ತು. ನಾಗರತ್ನಮ್ಮ ಅಂತ ಅವಳ ಹೆಸರು, ಹಣೆಯಲ್ಲಿ ಕುಂಕುಮ ಇಲ್ಲ. ಬೋರಲಿಂಗ ದೂರ ನಿಂತ, ಕೈ ಹಿಂದಕ್ಕೆ ಕಟ್ಕೊಂಡ.

"ಯಾರು ಓಡಿಸ್ತಿದ್ರು ಅಕ್ಕ?"

"ನಮ್ಮೆಜಮಾನ್ರು."

"ಯಾಕೆ ಮಾರ್ತಿದ್ದೀರಿ?"

"ಅವರು ಹೋಗಿಬಿಟ್ರಪ್ಪ."

"ಎಲ್ಲಿಗೆ?"

ಆಕೆ ಸೆರಗು ಬಾಯಿಗಿಟ್ಕೊಂಡಳು. ಇವನು ಬಿಡಬೇಕಲ್ಲ. "ಎಲ್ಲಿಗೆ ಹೋದ್ರು ಅಕ್ಕ? ಯಾವಾಗ ಬರ್ತಾರೆ? ಉತ್ತರ ಕೊಡಿ ಅಕ್ಕ" ಅಂತ ಹಿಂದಿಂದೇ ನಡುಮನೆ ತನಕ ಹೋದ. ಆಕೆ ಅತ್ತುಬಿಟ್ಟಳು. ಅತ್ತೆಯಾದೋಳು ಇವನನ್ನ ಆಚೆಗೆ ದಬ್ಬಿದಳು.

ಅವ್ವ ಹಣೆ ಚಚ್ಕೊಂಡಳು. "ಸಾವಾದ ಮನೇಲಿ ಹಂಗೆ ಕೇಳ್ತಾರೇನೋ ಪಾಪಿ? ವಾಪಸ್ ಹೋಗಿ ಕಾಲಿಗೆ ಬೀಳು. ಬಾಯಿ ಬಿಡಬೇಡ. ಯಾರು ಏನು ಕೇಳಿದ್ರೂ ಹೂಂ ಅನ್ನು."

ಕಾಲಿಗೆ ಬಿದ್ದ. ನಾಗರತ್ನಮ್ಮನ ಮನಸ್ಸು ಕರಗಿತು. ರೇಟು ಹೇಳಿದಳು, ಹೂಂ ಅಂದ. ಟೈರು ಸವೆದಿದೆ, ಪರವಾಗಿಲ್ವಾ ಅಂದಳು, ಹೂಂ ಅಂದ. ಎತ್ತಿನ ದುಡ್ಡಷ್ಟೂ ಕೊಟ್ಟು, ಬೀಗದ ಕೈ ಇಸ್ಕೊಂಡು ಹೊರಟ.

ಅಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. ದಾರೀಲಿ ಒಬ್ಬ ಕೈ ಅಡ್ಡ ಹಾಕಿ, "ಹತ್ಲೇನಪ್ಪ?" ಅಂದ. ಹೂಂ ಅಂದ. ಸೌದೆಯೋರು ಕೇಳಿದ್ರು, ಹೂಂ. ಕುರಿಯೋರು ಕೇಳಿದ್ರು, ಹೂಂ. ಬೀಗರೂಟಕ್ಕೆ ಹೊರಟಿದ್ದ ಒಂದು ದಿಬ್ಬಣವೇ ಹತ್ತಿತು. ಪೊಲೀಸ್ನೋನು ನಿಲ್ಲಿಸಿ, "ಸರಕಿನ ಗಾಡೀಲಿ ಜನ ತುಂಬಿದ್ಯಾ, ಸ್ಟೇಷನ್ನಿಗೆ ಬರ್ತೀಯಾ?" ಅಂದ. ಹೂಂ ಅಂದ. ಲಾರಿ ಸ್ಟೇಷನ್ ಮುಂದೆ ನಿಂತಿತು, ಊರಿನ ಹಿರೀಕರು ಹೋಗಿ ಬಿಡಿಸ್ಕೊಂಡು ಬರಬೇಕಾಯ್ತು.

ಅವ್ವನಿಗೆ ಬೈಯೋಕೂ ಉಸಿರಿರಲಿಲ್ಲ. ಆದರೂ ಬೈದಳು. "ಈ ಗಾಡಿ ನನಗೆ ಅಂತ ತಂದದ್ದು ಕಣೋ. ಯಾರು ಕೈ ಅಡ್ಡ ಹಾಕಿದ್ರೂ ನಿಲ್ಲಿಸ್ಬೇಡ. ಪರಿಚಯದೋರಾಗ್ಲಿ, ನೆಂಟರಾಗ್ಲಿ, ನಿಲ್ಲಿಸ್ಬೇಡ. ಹಿಂದೆ ನಾನಿರ್ತೀನಿ. ಕ್ಲೀನರ್‌ಗಳು ತಟ್ಟೋ ಹಂಗೆ ಹಲಗೆ ತಟ್ತೀನಿ. ಒಂದೇಟು ತಟ್ಟಿದ್ರೆ ನಿಲ್ಲು, ಎರಡೇಟು ತಟ್ಟಿದ್ರೆ ಹೋಗು. ಅಕ್ಕನ ಮನೆ ಮುಂದೆ ನಿಲ್ಲಿಸು. ತಿಳೀತಾ?"

"ತಿಳೀತು ಕಣವ್ವ."

ಅಕ್ಕಪಕ್ಕದೋರು ಮಂಚ ಎತ್ತಿ ಲಾರಿಗಿಟ್ರು. ಅವ್ವ ಎರಡೇಟು ತಟ್ಟಿದಳು. ಲಾರಿ ಹೊರಟಿತು. ಒಂದು ಗುಂಡೀಗೂ ಬೀಳಿಸ್ದೆ, ತೊಟ್ಟಿಲು ತೂಗಿದ ಹಂಗೆ ಓಡಿಸಿದ. ಅದನ್ನೂ ಹೇಳ್ಬೇಕು, ಅವನಿಗೆ ಅವ್ವ ಅಂದ್ರೆ ಪ್ರಾಣ.

ಗುಡ್ಡ ಇಳಿದು ಅಂಕನದೊಡ್ಡಿ ತಿರುವಿಗೆ ಬಂದ್ರೆ, ರಸ್ತೆ ಪಕ್ಕ ಚಿಕ್ಕತಾಯಿ ನಿಂತಿದ್ದಳು. ಅವ್ವ ಬರ್ತಾಳಂತ ಸುದ್ದಿ ಕೇಳಿ ಮನೇಲಿ ಕೂರಲಾರದೆ, ತಲೆಗೆ ಬಟ್ಟೆ ಸುತ್ಕೊಂಡು, ಕೂಸನ್ನ ಎತ್ಕೊಂಡು ನಡ್ಕೊಂಡೇ ಬಂದುಬಿಟ್ಟಿದ್ದಳು. ಕೈ ಅಡ್ಡ ಹಾಕಿದಳು. ಬೋರಲಿಂಗ ಅಕ್ಕನ ಮುಖ ನೋಡಿದ. ನಕ್ಕ. ನಿಲ್ಲಿಸ್ಲಿಲ್ಲ.

ಲಾರಿ ಮುಂದಕ್ಕೆ ಹೋದಾಗ ಮಲಗಿದ್ದ ಅವ್ವನಿಗೆ ಹಿಂದೆ ರಸ್ತೆ ಕಾಣಿಸ್ತು. ರಸ್ತೇಲಿ ಮಗಳು ಓಡಿ ಬರ್ತಿದ್ದಳು. ಕೂಸು ಸೆರಗಿನೊಳಗಿತ್ತು, ಮುಖ ಕಾಣಲಿಲ್ಲ. ಅವ್ವ ಕೂಗಿದಳು, ಇಂಜಿನ್ ಸದ್ದಿಗೆ ಕೇಳಿಸ್ಲಿಲ್ಲ. ಹಲಗೆ ಬಡಿದಳು. ಅಂಥ ಹೊತ್ತಲ್ಲಿ ಒಂದೇ ಏಟಿಗೆ ಯಾರ ಕೈ ನಿಲ್ತದೆ, ನೀವೇ ಹೇಳಿ. ಬಡಿದಳು, ಬಡಿದಳು, ಇದ್ದ ಶಕ್ತಿಯೆಲ್ಲಾ ಹಾಕಿ ಬಡಿದಳು. ಅವ್ವನಿಗೆ ಅವಸರ ಅಂತ ಬೋರಲಿಂಗ ಇನ್ನೂ ಜೋರಾಗಿ ಓಡಿಸಿದ.

ಆಮೇಲೆ ಬಡಿತ ನಿಂತಿತು. ಅವ್ವನ ಉಸಿರೂ ಅಲ್ಲೇ ನಿಂತಿತು.

ಅಕ್ಕನ ಮನೆ ಮುಂದೆ ನಿಲ್ಲಿಸಿದ. ಬಾಗಿಲಿಗೆ ಬೀಗ. ಹಿಂದೆ ಒಂದೇಟೂ ಇಲ್ಲ, ಎರಡೇಟೂ ಇಲ್ಲ. ಇಳಿ ಅಂತ ಅವ್ವ ಹೇಳಿರಲಿಲ್ಲ. ಇಂಜಿನ್ ಆರಿಸ್ದೆ ಸ್ಟೇರಿಂಗ್ ಹಿಡ್ಕೊಂಡು ಕಾಯ್ತಾ ಕೂತ.

ಚಿಕ್ಕತಾಯಿ ಯಾರದೋ ಬೈಕ್ ಹತ್ತಿ ಬಂದಳು. ತಮ್ಮನ ಕಡೆ ತಿರುಗೀನೂ ನೋಡದೆ ಹಿಂದಿನಿಂದ ಲಾರಿ ಹತ್ತಿದಳು. ಅವ್ವನ ಮೈ ಮುಟ್ಟಿ ನೋಡಿದಳು. ಕೂಸನ್ನ ಅವ್ವನ ಪಕ್ಕ ಮಲಗಿಸಿ, ಹಲಗೆಗೆ ಕೈ ಬಡ್ಕೊಂಡು ಬಡ್ಕೊಂಡು ಅತ್ತಳು.

ಬೋರಲಿಂಗನ ಮುಖ ಅರಳಿತು. ಗೇರ್ ಹಾಕಿದ. ಲಾರಿ ಅಕ್ಕನ ಮನೆ ದಾಟಿತು, ಅಂಕನದೊಡ್ಡಿ ದಾಟಿತು, ಕಾಡಿನ ರಸ್ತೆ ಹಿಡೀತು. ಹಿಂದೆ ಬಡಿತ ನಿಲ್ಲಲೇ ಇಲ್ಲ. ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿ ಕೇಳಿದ, "ಅಕ್ಕನ ಮನೆ ಹಿಂದಕ್ಕಾಯ್ತು ಕಣವ್ವ, ಇನ್ನೂ ಎಲ್ಲಿಗೆ ಹೋಗ್ಬೇಕು?"